ಮುಳ್ಳಿಲ್ಲದ ಗಡಿಯಾರ

ದುರ್ಗಿಗುಡಿಯಲ್ಲಿ, ಬೆಳ್ಳಿ ಅಂಗಡಿಯ ಎದುರು,
ನನ್ನ ಸ್ಕೂಟರಿನ ಬ್ರೇಕಿನ ತಂತಿಗೆ ಸಿಕ್ಕಿಸಿದ್ದರು
ಹಳದಿ ಚೀಟಿ. ದಂಡ ಇನ್ನೂರು.
ಹೊತ್ತು: ಹನ್ನೊಂದೂ ನಾಲ್ಕು.
ಕೈಗಡಿಯಾರ ನೋಡಿದೆ, ಹನ್ನೊಂದೂ ಆರು.
ಹತ್ತೂ ನಲವತ್ತಕ್ಕೆ ನಾನು ಐದರ ಬಿಲ್ಲೆ ಹಾಕಿದ್ದು;
ಅರ್ಧ ಗಂಟೆ ನನ್ನದು,
ಅದರಲ್ಲಿನ್ನೂ ನಾಲ್ಕು ನಿಮಿಷ ಮುಟ್ಟಿಯೇ ಇಲ್ಲ.

ನಾನು ತಕ್ಕಡಿ ರಿಪೇರಿಯವನು, ಪಾಂಡೋಜಿ.
ಉಸಿರು ಬಿಟ್ಟರೆ ಅಲ್ಲಾಡುವ ಚಿನ್ನದ ತಕ್ಕಡಿಯಿಂದ
ಲಾರಿಯನ್ನೇ ಹೊತ್ತು ತೂಗುವ ಕಬ್ಬಿಣದ ಹಾಸಿನವರೆಗೆ
ಈ ಊರಿನ ಭಾರವೆಲ್ಲ ಒಂದಲ್ಲ ಒಂದು ದಿನ
ನನ್ನ ಸ್ಕ್ರೂಡ್ರೈವರಿನ ಕೆಳಗೆ ಮಲಗಿದೆ.
ಯಂತ್ರ ಸುಳ್ಳು ಹೇಳುವುದಿಲ್ಲ ಎಂದವರಿಗೆ ನಾನು ಕೇಳುವುದಿಷ್ಟು:
ಮತ್ತೆ ಸರ್ಕಾರ ಅದಕ್ಕೆ ಆಗಾಗ
ಮುದ್ರೆ ಒತ್ತುವುದು ಯಾಕೆ ಮಾರಾಯ್ರೆ?

ಚೀಟಿ ಹರಿದ ಹುಡುಗ ತಿಪ್ಪೇಶ ಅಲ್ಲೇ ಇದ್ದ,
ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕೈಯಂತ್ರ.
‘ನಾನು ಬಟನ್ ಒತ್ತೋದಷ್ಟೆ ಅಜ್ಜ,
ಟೈಮು ಅದೇ ಹಾಕ್ಕೊಳ್ಳುತ್ತೆ. ಪಾಲಿಕೆಗೆ ಹೋಗಿ.’

ಹೋದೆ. ನಾಲ್ಕನೇ ಕಿಟಕಿ. ಜಲಜಾಕ್ಷಿ ಮೇಡಮ್.
‘ಮೀಟರಿನ ಚೀಟಿಯಲ್ಲಿ ಹತ್ತೂ ಇಪ್ಪತ್ತೊಂಬತ್ತು ಅಂತಿದೆಯಲ್ಲ,
ನಿಮ್ಮ ಜೇಬಿಂದಲೇ ಬಂದದ್ದು ಇದು.
ನಲವತ್ತು ಅನ್ನೋದಕ್ಕೆ ಸಾಕ್ಷಿ?’
ಮಣಿಕಟ್ಟು ತೋರಿಸಿದೆ.
ದಿನಾ ಬೆಳಗ್ಗೆ ಭದ್ರಾವತಿ ಆಕಾಶವಾಣಿಯ ವಾರ್ತೆ ಶುರುವಾಗುವಾಗ
ಇದಕ್ಕೆ ಕೀಲಿ ಕೊಡುತ್ತೇನೆ, ಅಂದೆ.
ಸಾಲಿನಲ್ಲಿ ಹಿಂದಿದ್ದವನು ನಕ್ಕ.
ಅವರ ತಲೆಯ ಮೇಲಿನ ಗೋಡೆ ಗಡಿಯಾರ
ಎಂಟೂ ಕಾಲಕ್ಕೆ ನಿಂತು ಎಷ್ಟು ಕಾಲವಾಗಿತ್ತೋ,
ಅದರ ಕೆಳಗಿನವರೆಲ್ಲ ಊಟಕ್ಕೆ ಮಾತ್ರ
ಸರಿಯಾಗಿ ಒಂದೂವರೆಗೆ ಎದ್ದರು.

ಮೂರು ದಿನ ಹೋದೆ. ಅರ್ಜಿ, ಜೆರಾಕ್ಸ್, ಆಧಾರ್,
ಮತ್ತೆ ಅದೇ ಅರ್ಜಿ, ಈ ಸಲ ನೀಲಿ ಶಾಯಿಯಲ್ಲಿ.
ಇನ್ನೂರಕ್ಕೆ ಇಷ್ಟೊಂದು ಓಡಾಟವಾ ಎಂದು ಮಗಳು ಬೈದಳು.
ಇನ್ನೂರಕ್ಕಲ್ಲ ಎಂದೆ.
ಮತ್ತೆ ಯಾತಕ್ಕೆ ಅಂದರೆ ನನಗೂ ನೆಟ್ಟಗೆ ಗೊತ್ತಿರಲಿಲ್ಲ.

ಮೂರನೇ ದಿನ ಮೇಡಮ್ ಕೊಡೆ ಹಿಡಿದು ತಾವೇ ಎದ್ದರು,
ಬಹುಶಃ ನನ್ನಿಂದ ಬಿಡುಗಡೆಗೆ ಇದೊಂದೇ ದಾರಿ ಎಂದು.
ದುರ್ಗಿಗುಡಿ. ಮೀಟರಿನ ಪಕ್ಕಕ್ಕೆ ಅವರ ಫೋನು ಹಿಡಿದರು.
ಅದರಲ್ಲಿ ಮೂರೂ ಇಪ್ಪತ್ತು.
ಇದರಲ್ಲಿ ಮೂರೂ ಮೂವತ್ತೊಂದು.
ಫೋನನ್ನೇ ಒಮ್ಮೆ ಆರಿಸಿ ಹೊತ್ತಿಸಿದರು.
‘ಹೌದಲ್ರೀ’ ಅಂದರು, ಯಾರಿಗೂ ಕೇಳಿಸದ ಹಾಗೆ.

ತಕ್ಕಡಿಗಾದರೆ ಮುಳ್ಳಿದೆ. ತಪ್ಪಿದರೆ ವಾಲುತ್ತದೆ,
ವಾಲಿದ್ದು ದಾರಿಹೋಕನ ಕಣ್ಣಿಗೂ ಬೀಳುತ್ತದೆ.
ಇದಕ್ಕೆ ಬರೀ ಅಂಕಿ;
ತಪ್ಪಿದಾಗಲೂ ನೆಟ್ಟಗೇ ನಿಂತಿರುತ್ತದೆ.

ನಿಮ್ಮ ದಂಡ ವಾಪಸು ಬರುತ್ತದೆ, ಹದಿನೈದು ದಿನ, ಅಂದರು.
ಇದು ಯಾವತ್ತಿನಿಂದ ಹಿಂದೆ ಬಿದ್ದಿದೆ? ಕೇಳಿದೆ.
ಉಳಿದವರ ಹನ್ನೊಂದು ನಿಮಿಷಗಳು?
‘ಅದು ನಿಮ್ಮ ಅರ್ಜಿಯಲ್ಲಿಲ್ಲ’ ಎಂದು ಕೊಡೆ ಬಿಚ್ಚಿದರು.
ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅವರು ತಿರುವು ದಾಟಿದ ಮೇಲೆ
ಕೆಟ್ಟ ಬಟ್ಟಿಗೆ ಗುರುತು ಹಾಕುವ ಬಳಪ ತೆಗೆದು
ಮೀಟರಿನ ಹೊಟ್ಟೆಯ ಮೇಲೆ ದಪ್ಪಗೆ ಬರೆದೆ:
‘೧೧ ಹಿಂದೆ.’
ತಿಪ್ಪೇಶ ನೋಡಿದ. ನೋಡಿ, ಆ ಕಡೆಯ ಬೈಕುಗಳನ್ನು ಎಣಿಸಲು ಹೋದ.

ಹದಿನೈದು ಕಳೆದು ಇನ್ನೂ ಆರು ದಿನ. ದುಡ್ಡು ಬಂದಿಲ್ಲ.
ನಿನ್ನೆ ಸಂಜೆ ತಿಪ್ಪೇಶನೇ ಅಂಗಡಿಗೆ ಬಂದು ಹೇಳಿದ:
ಯಾರೋ ಬಂದು ಮೀಟರು ಸರಿ ಮಾಡಿ ಹೋದರಂತೆ,
ಬರಹ ಮಾತ್ರ ಹಾಗೇ ಇದೆಯಂತೆ.
ಅಂದರೆ ಈಗ ಸುಳ್ಳು ಹೇಳುತ್ತಿರುವುದು ನನ್ನ ಬಳಪ.

ಬೆಳಗ್ಗೆ ವಾರ್ತೆಗೆ ಕೀಲಿ ಕೊಟ್ಟು
ಒದ್ದೆ ಬಟ್ಟೆ ಹಿಡಿದು ಹೊರಟೆ.
ಒರೆಸಲು ಎರಡು ನಿಮಿಷ ಸಾಕು.
ಸ್ಕೂಟರು ನಿಲ್ಲಿಸಿ, ಮೊದಲು
ಐದರ ಬಿಲ್ಲೆ ಹಾಕಿದೆ.